ತಮ್ಮನನ್ನು ನಾನೇ ಸಾಕಲೇ, ಚಿಕ್ಕಪ್ಪನ ಮನೆಗೆ ಕಳುಹಿಸಲೇ?

ಪ್ರಶ್ನೆ: ನನಗೆ 26 ವರ್ಷ. ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದೇನೆ. ತಿಂಗಳಿಗೆ 31 ಸಾವಿರ ರೂಪಾಯಿ ಕೈಗೆ ಬರುತ್ತದೆ. ಇನ್ನಿಬ್ಬರು ಹುಡುಗಿಯರೊಡನೆ ಪೀಜಿಯಲ್ಲಿ ವಾಸ. ನಮ್ಮೂರು ತಿಪಟೂರಿಗೆ ಸಮೀಪದ ಹಳ್ಳಿ. ತಾಯಿ ಎರಡು ವರ್ಷದ ಹಿಂದೆ ಕಿಡ್ನಿ ಕಾಯಿಲೆಯಿಂದ ತೀರಿಕೊಂಡರು. ರೈಲಿನಲ್ಲಿ ಓಡಾಡಿಕೊಂಡು ತುಮಕೂರಿನ ಕಾರ್ಖಾನೆಯೊಂದರಲ್ಲಿ 19 ವರ್ಷ ದುಡಿದ ತಂದೆ ನಾಲ್ಕು ತಿಂಗಳ ಹಿಂದೆ ಹೃದಯಾಘಾತದಿಂದ ಹೋದರು. ತಮ್ಮನಿಗೆ 15 ವರ್ಷ, ಹತ್ತನೇ ತರಗತಿ, ಪರೀಕ್ಷೆಗೆ ಇನ್ನು ಎರಡೂವರೆ ತಿಂಗಳಿದೆ. ಮನೆಯಲ್ಲಿ ತಂದೆಯ ತಾಯಿ ಇದ್ದಾರೆ, ಅವರಿಗೆ 72. ಅದೇ ಊರಿನಲ್ಲಿ ಬೇರೆ ಮನೆ ಮಾಡಿಕೊಂಡಿರುವ ಚಿಕ್ಕಪ್ಪ, "ಹುಡುಗನನ್ನೂ ತೋಟವನ್ನೂ ನಾನು ನೋಡಿಕೊಳ್ಳುತ್ತೇನೆ, ನೀನು ನಿನ್ನ ದಾರಿ ನೋಡಿಕೊ" ಎನ್ನುತ್ತಾರೆ. ತೋಟವೆಂದರೆ ತಂದೆ ಸಾಲ ಮಾಡಿ ಕೊಂಡ ಎರಡು ಎಕರೆ ತೆಂಗು. ವರ್ಷದೊಳಗೆ ನನ್ನ ಮದುವೆ ಆಗಬೇಕೆಂದು ಎಲ್ಲರ ಒತ್ತಾಯ. ನೋಡಲು ಬಂದಿದ್ದ ಒಂದು ಕಡೆಯವರು "ಹುಡುಗನ ಜವಾಬ್ದಾರಿ ಯಾರದು?" ಎಂದು ಕೇಳಿ ಹೋದವರು ಮತ್ತೆ ಬರಲಿಲ್ಲ. ತಮ್ಮನನ್ನು ಕೇಳಿದರೆ "ನೀನು ಹೇಳಿದ ಹಾಗೆ ಅಕ್ಕ" ಎನ್ನುತ್ತಾನೆ, ಅಷ್ಟೇ. ಅಪ್ಪನ ಹಳೆಯ ಕೀಪ್ಯಾಡ್ ಮೊಬೈಲನ್ನು ಪ್ರತಿ ರಾತ್ರಿ ಚಾರ್ಜಿಗೆ ಹಾಕಿ ಮಲಗುತ್ತಾನೆ; ಹೋದ ತಿಂಗಳು ನನಗೆ ಹೇಳದೆ ಅದಕ್ಕೆ ರೀಚಾರ್ಜ್ ಕೂಡ ಮಾಡಿಸಿದ್ದಾನೆ. ಅವನನ್ನು ನಾನು ಸಾಕಬಲ್ಲೆನೇ? ಸಾಕುವುದು ಸರಿಯೇ?
— ಹೆಸರು ಬೇಡ, ತಿಪಟೂರು ತಾಲ್ಲೂಕು

ಉತ್ತರ: ಚಿಕ್ಕಪ್ಪನವರ ಮಾತನ್ನು ನೀವು ಅವರು ಆಡಿದಂತೆಯೇ ಬರೆದು ಕಳುಹಿಸಿದ್ದು ಒಳ್ಳೆಯದಾಯಿತು. ಅದರಲ್ಲಿ ಕಪಟವಿದೆಯೆಂದು ನಾನು ಹೇಳುವುದಿಲ್ಲ. ಅಣ್ಣನ ಮಗ ಬೀದಿಪಾಲಾಗಬಾರದೆಂಬ ಕಳಕಳಿಯಿಂದಲೇ ಆಡಿದ ಮಾತಿರಬಹುದು. ಆದರೆ ಹುಡುಗ ಮತ್ತು ತೋಟ ಎರಡೂ ಒಂದೇ ವಾಕ್ಯದಲ್ಲಿ ಬಂದಿವೆ. ಅದನ್ನು ಎರಡು ವಾಕ್ಯಗಳನ್ನಾಗಿ ಮಾಡುವುದು ನಿಮ್ಮ ಮೊದಲ ಕೆಲಸ. ಹುಡುಗ ಯಾರ ಮನೆಯಲ್ಲಿ ಉಣ್ಣುತ್ತಾನೆ ಎಂಬುದಕ್ಕೂ ತೋಟದ ಕಾಯಿ ಯಾರು ಕೀಳಿಸುತ್ತಾರೆ ಎಂಬುದಕ್ಕೂ ಸಂಬಂಧವಿರಬೇಕಾಗಿಲ್ಲ. ಸಂಬಂಧವಿಲ್ಲದಿದ್ದಷ್ಟೂ ನಿಮ್ಮ ಮತ್ತು ಚಿಕ್ಕಪ್ಪನವರ ನಡುವಿನ ಬಾಂಧವ್ಯ ಹೆಚ್ಚು ಕಾಲ ಬಾಳುತ್ತದೆ.

ನಿಮ್ಮ ನೇರ ಪ್ರಶ್ನೆಗೆ ನೇರ ಉತ್ತರ: ಹೌದು, ನೀವೇ ಸಾಕಿ. ಆದರೆ ಒಬ್ಬರೇ ಸಾಕಬೇಡಿ, ಮತ್ತು ಈಗಲೇ ಬೆಂಗಳೂರಿಗೆ ಕರೆದೊಯ್ಯಬೇಡಿ. ಇನ್ನಿಬ್ಬರು ಹುಡುಗಿಯರಿರುವ ಪೀಜಿಯಲ್ಲಿ ಅವನಿಗೆ ಜಾಗವಿಲ್ಲ. ಅವಸರದಲ್ಲಿ ಬಾಡಿಗೆ ಮನೆ ಹಿಡಿದರೂ ನೀವು ಕೆಲಸಕ್ಕೆ ಹೋದ ಮೇಲೆ ಗುರುತು ಪರಿಚಯವಿಲ್ಲದ ಬಡಾವಣೆಯಲ್ಲಿ ಹದಿನೈದರ ಹುಡುಗ ದಿನವಿಡೀ ಒಬ್ಬನೇ ಇರಬೇಕಾಗುತ್ತದೆ. ಹತ್ತನೇ ತರಗತಿಯ ಕೊನೆಯ ಎರಡೂವರೆ ತಿಂಗಳಿನಲ್ಲಿ ಶಾಲೆ ಬದಲಿಸುವ ಮಾತಂತೂ ಬೇಡವೇ ಬೇಡ. ತಾಯಿ ಹೋದಾಗ ಒಂದು ಸಲ, ತಂದೆ ಹೋದಾಗ ಇನ್ನೊಂದು ಸಲ ಅವನ ಮನೆ ಬದಲಾಗಿದೆ, ಗೋಡೆ ಅದೇ ಇದ್ದರೂ. ಮೂರನೆಯ ಸಲ ಬದಲಾಗುವುದು ಪರೀಕ್ಷೆ ಮುಗಿದ ಮೇಲಾಗಲಿ.

ಪತ್ರದಲ್ಲಿ ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದವರು ಅಜ್ಜಿ. ನನ್ನ ಕಣ್ಣಿಗೆ ಈ ಮನೆಯ ಮುಖ್ಯ ವ್ಯಕ್ತಿ ಅವರೇ. ಎಪ್ಪತ್ತೆರಡರ ಅಜ್ಜಿಯನ್ನು ನೋಡಿಕೊಳ್ಳುವವರು ಬೇಕು ಎಂದು ನೀವು ಯೋಚಿಸುತ್ತಿರಬಹುದು, ಅದು ನಿಜವೂ ಹೌದು. ಆದರೆ ಹುಡುಗ ಶಾಲೆಯಿಂದ ಬಂದಾಗ ಬಾಗಿಲು ತೆರೆದಿರುವಂತೆ, ರಾತ್ರಿ ತಟ್ಟೆಯ ಮುಂದೆ ಇನ್ನೊಬ್ಬರು ಕುಳಿತಿರುವಂತೆ ಮಾಡಲು ಅವರಿಂದ ಖಂಡಿತ ಆಗುತ್ತದೆ. ಮಗನನ್ನು ಕಳೆದುಕೊಂಡ ಆ ತಾಯಿಗೂ ಒಬ್ಬರಿಗೆ ಅನ್ನ ಬಡಿಸುವ ಕೆಲಸ ಉಳಿದಿರುವುದು ಒಳ್ಳೆಯದೇ. ಪರೀಕ್ಷೆಯವರೆಗೆ ಅವನು ಅಜ್ಜಿಯೊಡನೆ ಅದೇ ಮನೆಯಲ್ಲಿ ಇರಲಿ. ನೀವು ಶನಿವಾರ ಸಂಜೆಯ ರೈಲು ಹಿಡಿದು ಬನ್ನಿ, ಭಾನುವಾರ ಇದ್ದು ಹೋಗಿ, ಪ್ರತಿ ರಾತ್ರಿ ಗೊತ್ತಾದ ಸಮಯಕ್ಕೆ ಫೋನ್ ಮಾಡಿ. ದಿನವೂ ಸಂಜೆ ಒಮ್ಮೆ ಮನೆಗೆ ಬಂದು ಹೋಗುವಂತೆ ಚಿಕ್ಕಪ್ಪನವರನ್ನು ಕೇಳಿಕೊಳ್ಳಿ. ಇದು ಅವರಿಂದ ಆಗುವ ಕೆಲಸ, ಕೇಳಿದರೆ ಅವರಿಗೆ ಗೌರವವೂ ಸಿಗುತ್ತದೆ.

ಪರೀಕ್ಷೆಯ ನಂತರಕ್ಕೆ ನನಗೆ ತೋಚುವ ಊರು ಬೆಂಗಳೂರಲ್ಲ, ತುಮಕೂರು. ಅಲ್ಲಿ ಪಿಯುಸಿಗೆ ಕಾಲೇಜುಗಳಿವೆ, ಬಾಡಿಗೆ ಬೆಂಗಳೂರಿಗಿಂತ ಕಡಿಮೆ, ನಿಮ್ಮ ತಂದೆ ಓಡಾಡಿದ ರೈಲು ಮಾರ್ಗವೇ ನಿಮ್ಮನ್ನು ಬೆಂಗಳೂರಿನ ಕೆಲಸಕ್ಕೂ ತಲುಪಿಸುತ್ತದೆ. ದಿನವೂ ತುಮಕೂರಿನಿಂದ ಬೆಂಗಳೂರಿಗೆ ಹೋಗಿಬರುವವರು ಸಾವಿರಾರು ಮಂದಿ. ದಣಿವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಎರಡು ಕೋಣೆಯ ಮನೆಯಲ್ಲಿ ಅಜ್ಜಿ, ನೀವು, ಅವನು ಮೂವರೂ ಸೇರಿದರೆ ಅದು ಮನೆಯಾಗುತ್ತದೆ. ಹಬ್ಬಕ್ಕೆ, ತೋಟಕ್ಕೆ ಹಳ್ಳಿಯೂ ದೂರವಾಗುವುದಿಲ್ಲ. ನಿಮ್ಮ ಕೆಲಸ ಪಾಳಿಯದಾದರೆ ಈಗಿನಿಂದಲೇ ಹಗಲಿನ ಪಾಳಿಗೆ ಅರ್ಜಿ ಕೊಟ್ಟಿಡಿ.

ಇನ್ನು ಕಾನೂನು. ಅಕ್ಕ ಅಥವಾ ಅಣ್ಣ ಎಷ್ಟೇ ಹಿರಿಯರಾಗಿದ್ದರೂ, ವರ್ಷಗಟ್ಟಲೆ ಸಾಕಿದ್ದರೂ, ಕಾನೂನಿನ ಕಣ್ಣಿಗೆ ತಾವಾಗಿಯೇ ಪೋಷಕರಾಗುವುದಿಲ್ಲ ಎಂಬುದು ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪೋಷಕತ್ವದ ಕಾಯ್ದೆ ಅವಿವಾಹಿತ ಮಕ್ಕಳಿಗೆ ಸ್ವಾಭಾವಿಕ ಪೋಷಕರೆಂದು ಹೇಳುವುದು ತಂದೆ ತಾಯಿಯನ್ನು ಮಾತ್ರ. ಚಿಕ್ಕಪ್ಪನೂ ಅಲ್ಲ, ಅಜ್ಜಿಯೂ ಅಲ್ಲ. ಅದೇ ಕಾಯ್ದೆಯ 11ನೇ ಕಲಮಿನ ಪ್ರಕಾರ, ವಾಸ್ತವದಲ್ಲಿ ಸಾಕುತ್ತಿದ್ದೇನೆ ಎಂಬ ಒಂದೇ ಕಾರಣಕ್ಕೆ ಯಾರೂ ಮಗುವಿನ ಆಸ್ತಿಯನ್ನು ಮಾರುವಂತಿಲ್ಲ, ಅದರ ವ್ಯವಹಾರ ಮಾಡುವಂತಿಲ್ಲ. ಶಾಲೆಯ ಅಂಕಪಟ್ಟಿಗೆ ಸಹಿ ಹಾಕಲು, ಅವನೊಡನೆ ಒಂದೇ ಸೂರಿನಡಿ ಬಾಳಲು ನೀವು ಕೋರ್ಟಿಗೆ ಹೋಗಬೇಕಾಗಿಲ್ಲ. ಆದರೆ ನಿಮ್ಮ ಮನೆಯಲ್ಲಿ ತೋಟವಿದೆ, ತಂದೆಯ ಕಾರ್ಖಾನೆ ಕೆಲಸದ ಭವಿಷ್ಯನಿಧಿಯ (ಪಿಎಫ್) ಹಣವಿದೆ. ಆದ್ದರಿಂದ 1890ರ ಪೋಷಕರ ಮತ್ತು ಪಾಲ್ಯರ ಕಾಯ್ದೆಯಡಿ ನಿಮ್ಮನ್ನು ಪೋಷಕರನ್ನಾಗಿ ನೇಮಿಸುವಂತೆ ಅವನು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲಿ ಅರ್ಜಿ ಹಾಕುವುದು ಮೇಲು. ಹುಡುಗನಿಗೆ 18 ತುಂಬಲು ಉಳಿದಿರುವುದು ಮೂರು ವರ್ಷಕ್ಕಿಂತ ಕಡಿಮೆ, ಅಷ್ಟಕ್ಕೆ ಇದೆಲ್ಲ ಯಾಕೆ ಎಂದು ಯಾರಾದರೂ ಹೇಳಿದರೆ, ಆಸ್ತಿ ಕೈ ಬದಲಾಯಿಸಲು ಮೂರು ದಿನ ಸಾಕು ಎಂದು ಹೇಳಿ. ಖರ್ಚಿನ ಭಯ ಬೇಡ. ಮಹಿಳೆಯರಿಗೂ ಮಕ್ಕಳಿಗೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ವಕೀಲರ ನೆರವು ಉಚಿತ. ತುಮಕೂರಿನಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ.

ತೋಟ ತಂದೆಯ ಸ್ವಂತ ಸಂಪಾದನೆ, ಅವರು ಉಯಿಲು ಬರೆದಿಲ್ಲ ಎಂದು ಭಾವಿಸಿ ಹೇಳುತ್ತಿದ್ದೇನೆ. ಹಾಗಿದ್ದರೆ ಅದು ನಿಮಗೆ, ತಮ್ಮನಿಗೆ, ಅಜ್ಜಿಗೆ ಮೂರು ಸಮಪಾಲು. ಮೃತನ ತಾಯಿ ಮೊದಲ ದರ್ಜೆಯ ವಾರಸುದಾರಳು ಎಂಬುದನ್ನು ಹಳ್ಳಿಯ ಪಂಚಾಯಿತಿಗಳಲ್ಲಿ ಎಲ್ಲರೂ ಮರೆಯುತ್ತಾರೆ. ಚಿಕ್ಕಪ್ಪನವರಿಗೆ ಈಗ ಅದರಲ್ಲಿ ಪಾಲಿಲ್ಲ. ಆದರೆ ನಾಳೆ ಅಜ್ಜಿಯ ಪಾಲಿನಲ್ಲಿ ಅವರಿಗೂ ಹಕ್ಕು ಬರಬಹುದು. ಇದನ್ನು ಮುಚ್ಚಿಡದೆ ಅವರೊಡನೆ ಕುಳಿತು ಮಾತನಾಡಿದರೆ ಅರ್ಧ ಅನುಮಾನ ಅಲ್ಲಿಯೇ ಕರಗುತ್ತದೆ. ನಾಡಕಚೇರಿಯಲ್ಲಿ ವಂಶವೃಕ್ಷ ಪಡೆದು, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅರ್ಜಿ ಕೊಡಿ. ಪಹಣಿಯಲ್ಲಿ ಮೂವರ ಹೆಸರೂ ಬರಲಿ, ತಮ್ಮನ ಹೆಸರಿನ ಮುಂದೆ ಅಪ್ರಾಪ್ತನೆಂದು ನಮೂದಾಗಲಿ. ತೋಟ ನೋಡಿಕೊಳ್ಳುವವರು ಚಿಕ್ಕಪ್ಪನವರೇ ಆಗಲಿ, ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಕಾಯಿ ಕಿತ್ತಾಗಲೆಲ್ಲ ಎಣಿಕೆ, ಕೂಲಿ, ಗೊಬ್ಬರ, ಮಾರಿದ ದರ ಒಂದು ಪುಸ್ತಕದಲ್ಲಿ ಬರೆದು ಮೂರು ತಿಂಗಳಿಗೊಮ್ಮೆ ತೋರಿಸಲಿ, ಅವರ ಶ್ರಮಕ್ಕೆ ತಕ್ಕದ್ದನ್ನು ಅವರು ತೆಗೆದುಕೊಳ್ಳಲಿ. ಗುತ್ತಿಗೆ ಪತ್ರ ಬರೆಯೋಣವೆಂದು ಯಾರಾದರೂ ಸೂಚಿಸಿದರೆ ವಕೀಲರನ್ನು ಕೇಳದೆ ಸಹಿ ಹಾಕಬೇಡಿ. ನಮ್ಮ ರಾಜ್ಯದ ಭೂಸುಧಾರಣಾ ಕಾಯ್ದೆಯಲ್ಲಿ ಕೃಷಿಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ನಿರ್ಬಂಧವಿದೆ. ಅಂದಹಾಗೆ, ನಿಮ್ಮ ಕಡೆಯ ಮನೆಗಳಲ್ಲಿ ಅಟ್ಟದ ಮೇಲೆ ಕೊಬ್ಬರಿಗೆಂದು ಕಾಯಿ ಹಾಕಿರುವುದು ವಾಡಿಕೆ. ನಿಮ್ಮ ತಂದೆ ಹಾಕಿ ಹೋದ ಕಾಯಿ ಅಟ್ಟದಲ್ಲಿದ್ದರೆ ಅದನ್ನು ತಮ್ಮನ ಕೈಯಲ್ಲಿ ಎಣಿಸಿ, ಸುಲಿಸಿದ ದಿನ ತಿಪಟೂರಿನ ಮಾರುಕಟ್ಟೆಗೆ ಅವನನ್ನೂ ಕರೆದೊಯ್ಯಿರಿ. ಅಪ್ಪ ಅರ್ಧಕ್ಕೆ ಬಿಟ್ಟ ಒಂದು ಕೆಲಸವನ್ನಾದರೂ ಅವನು ಮುಗಿಸಿದಂತಾಗುತ್ತದೆ.

ತಂದೆಯ ಭವಿಷ್ಯನಿಧಿ ಖಾತೆಯ ಹಣದೊಡನೆ ಇನ್ನೂ ಎರಡನ್ನು ಕೇಳಿ. ಒಂದು, ನಿಧಿಗೆ ಜೋಡಿಸಿರುವ ವಿಮೆ: ಸದಸ್ಯ ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಕುಟುಂಬಕ್ಕೆ ಗರಿಷ್ಠ 7 ಲಕ್ಷ ರೂಪಾಯಿಯವರೆಗೆ ಬರುತ್ತದೆ. ಇನ್ನೊಂದು, 1995ರ ನೌಕರರ ಪಿಂಚಣಿ ಯೋಜನೆಯಡಿ ಅನಾಥ ಮಕ್ಕಳ ಪಿಂಚಣಿ: ವಿಧವಾ ಪಿಂಚಣಿಯ ಶೇ. 75ರಷ್ಟು, ತಿಂಗಳಿಗೆ ಕನಿಷ್ಠ 750 ರೂಪಾಯಿ, 25 ವರ್ಷ ತುಂಬುವವರೆಗೆ. ನಿಮಗೆ ವಯಸ್ಸು ಮೀರಿದೆ, ತಮ್ಮನಿಗೆ ಇನ್ನೂ ಹತ್ತು ವರ್ಷ ಸಿಗುತ್ತದೆ. ಪಿಂಚಣಿಗೆ 10ಡಿ ನಮೂನೆಯಲ್ಲಿ ಅರ್ಜಿ. ಕಾರ್ಖಾನೆಯ ಕಚೇರಿ ತುಂಬಿಸಿಕೊಡಬೇಕು. ತಮ್ಮನ ಪಾಲಿನ ಹಣ ಅವನ ಹೆಸರಿನ ಖಾತೆಗೇ ಹೋಗಲಿ, ನಿಮ್ಮ ಸಂಬಳದ ಖಾತೆಗೆ ಒಂದು ದಿನಕ್ಕೂ ಬಂದು ಹೋಗುವುದು ಬೇಡ. ಅವನ ಖರ್ಚಿಗೆ ಅದರಿಂದ ತೆಗೆದರೆ ತಪ್ಪಿಲ್ಲ, ಬರೆದಿಡಿ.

ಬರೆದಿಡಿ ಎಂದು ಇಷ್ಟು ಒತ್ತಿ ಹೇಳಲು ನನ್ನದೇ ಕಾರಣವಿದೆ. ನನ್ನನ್ನು ಬೆಳೆಸಿದವನು ನನಗಿಂತ ಒಂಬತ್ತು ವರ್ಷ ದೊಡ್ಡವನಾದ ನನ್ನ ಅಣ್ಣ. ಒಂಬತ್ತನೇ ತರಗತಿಯ ನನ್ನ ಪ್ರಗತಿಪತ್ರದಲ್ಲಿ ಮೊದಲ ಎರಡು ಪರೀಕ್ಷೆಗಳ ಮುಂದೆ ಅಪ್ಪನ ಉದ್ದನೆಯ ಸಹಿ ಇದೆ. ಮೂರನೆಯದರ ಮುಂದೆ ಅಣ್ಣನ ಚಿಕ್ಕ ಸಹಿ, ಕೆಳಗೆ ಆವರಣದಲ್ಲಿ "ಅಣ್ಣ" ಎಂದು ಬರೆದಿದ್ದಾನೆ, ಯಾರಾದರೂ ಪ್ರಶ್ನಿಸಿಯಾರು ಎಂಬ ಭಯಕ್ಕೆ. ಅವನು ನನಗೆ ಏನನ್ನೂ ಕಡಿಮೆ ಮಾಡಲಿಲ್ಲ. ಆದರೆ ನನ್ನ ಫೀಸಿಗಾಗಿ ತನ್ನ ಓದನ್ನು ನಿಲ್ಲಿಸಿದ್ದೇನೆಂದು ಒಮ್ಮೆಯೂ ಹೇಳಲಿಲ್ಲ. ಅದು ನನಗೆ ತಿಳಿದದ್ದು ಹದಿನೆಂಟು ವರ್ಷದ ನಂತರ, ಮನೆ ಭಾಗದ ದಿನ, ಜಗಳದ ನಡುವೆ, ಅತ್ತಿಗೆಯ ಬಾಯಿಂದ. ಅಷ್ಟು ದೊಡ್ಡ ಸಾಲ ತಲೆಯ ಮೇಲಿದೆಯೆಂದೇ ತಿಳಿಯದೆ ಇದ್ದವನಿಗೆ ಅದನ್ನು ಒಮ್ಮೆಲೇ ಬಡ್ಡಿಸಹಿತ ಕೇಳಿದಂತಾಯಿತು. ಅಣ್ಣನ ಮೇಲೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯಾಯಿತು. ನೀವು ತಮ್ಮನಿಗಾಗಿ ಬಿಡಬೇಕಾದದ್ದು ಇದ್ದೇ ಇರುತ್ತದೆ. ಏನನ್ನು ಬಿಡುತ್ತಿದ್ದೀರಿ ಎಂದು ಅವನಿಗೆ ಆಗಲೇ, ಹಗುರವಾಗಿ ತಿಳಿಸಿ. ಬಿಡಲು ಮನಸ್ಸಿಲ್ಲದ್ದನ್ನು ಬಿಡಬೇಡಿ.

ಮದುವೆಯ ವಿಷಯ. ಮನೆಯಲ್ಲಿ ಸಾವಾದ ವರ್ಷದೊಳಗೆ ಮಂಗಳಕಾರ್ಯ ಆಗಲಿ ಎಂಬುದು ಹಿರಿಯರು ದುಃಖವನ್ನು ಹಗುರಾಗಿಸಲು ಕಂಡುಕೊಂಡ ದಾರಿ. ಅದನ್ನು ಗಡುವೆಂದು ತಿಳಿದು ಸಿಕ್ಕ ಸಂಬಂಧಕ್ಕೆ ಹೂಂ ಎನ್ನಬೇಡಿ. "ಹುಡುಗನ ಜವಾಬ್ದಾರಿ ಯಾರದು?" ಎಂದು ಕೇಳಿ ಹೋದವರ ಬಗ್ಗೆ ನನಗೆ ಬೇಸರವಿಲ್ಲ, ಬಾಯಿಬಿಟ್ಟು ಕೇಳಿದರಲ್ಲ. ಮುಂದೆ ಬರುವವರಿಗೆ ಅವರು ಕೇಳುವ ಮೊದಲು ನೀವೇ ಹೇಳಿ: ತಮ್ಮ ಮತ್ತು ಅಜ್ಜಿ ನನ್ನ ಜೊತೆ ಇರುತ್ತಾರೆ, ಅವನ ಖರ್ಚಿಗೆ ಅವನದೇ ಹಣವಿದೆ, ಅವನ ಊಟ ವಸತಿ ನನ್ನದು. ಇದನ್ನು ಮುಚ್ಚಿಟ್ಟು ಮದುವೆಯಾದರೆ ಆ ಮನೆಯಲ್ಲಿ ತಮ್ಮ ಎಂದೆಂದಿಗೂ ಅತಿಥಿಯಾಗಿರುತ್ತಾನೆ.

ಅವನನ್ನು ತಾಯಿಯಂತೆ ಸಾಕಲು ಹೋಗಬೇಡಿ. ನಾಳೆ ರಾತ್ರಿ ಹತ್ತಕ್ಕೆ ಮನೆಗೆ ಬಂದವನನ್ನು ನೀವು ಗದರಿಸಿದಾಗ "ನೀನೇನು ನನ್ನ ಅಮ್ಮನಾ?" ಎಂದು ಕೇಳುತ್ತಾನೆ, ಕೇಳಿಯೇ ಕೇಳುತ್ತಾನೆ. "ಅಲ್ಲ, ಅಕ್ಕ. ಅದಕ್ಕೇ ಕೇಳುತ್ತಿದ್ದೇನೆ, ಎಲ್ಲಿಗೆ ಹೋಗಿದ್ದೆ?" ಎನ್ನಲು ನಿಮಗೆ ಬಾಯಿ ಬರಬೇಕು. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎಂದು ನಮ್ಮವರು ಗೇಲಿಗೆ ಹೇಳುವ ಗಾದೆ ನಿಮ್ಮ ಮನೆಯಲ್ಲಿ ಅಕ್ಷರಶಃ ನಿಜವಾಗಲಿದೆ. ನೀವು ಅತ್ತರೆ ಅವನಿಗೂ ಅಳಬಹುದೆಂದು ತಿಳಿಯುತ್ತದೆ. ನೀವು ಕಲ್ಲಿನಂತಿದ್ದರೆ ಅವನೂ "ನೀನು ಹೇಳಿದ ಹಾಗೆ ಅಕ್ಕ" ಎನ್ನುತ್ತಲೇ ಇರುತ್ತಾನೆ. ಆ ಉತ್ತರವನ್ನು ಒಪ್ಪಿಗೆ ಎಂದು ತಿಳಿಯಬೇಡಿ. ಎಲ್ಲಿರುತ್ತೀಯ ಎಂಬ ದೊಡ್ಡ ಪ್ರಶ್ನೆಯ ಬದಲು ಚಿಕ್ಕವನ್ನು ಕೇಳಿ: ವಿಜ್ಞಾನ ತೆಗೆದುಕೊಳ್ಳುತ್ತೀಯೋ ವಾಣಿಜ್ಯವೋ, ತುಮಕೂರಿಗೆ ಸೈಕಲ್ ತರೋಣವೇ, ಚಿಕ್ಕಪ್ಪನ ಮನೆಯಲ್ಲಿ ನಿನಗೆ ಸರಿಬರದ್ದು ಏನು? ಬುದ್ಧಿ ತಿಳಿದ ವಯಸ್ಸಿನ ಮಗುವಿನ ಇಷ್ಟವನ್ನು ನ್ಯಾಯಾಧೀಶರು ಪರಿಗಣಿಸಬಹುದೆಂದು 1890ರ ಕಾಯ್ದೆಯೇ ಹೇಳುತ್ತದೆ; ಕೋರ್ಟಿನಲ್ಲಿ ಬಾಯಿ ತೆರೆಯುವ ಮುನ್ನ ಅವನು ಅಡುಗೆಮನೆಯಲ್ಲಿ ತೆರೆಯಲಿ.

ಆ ಮೊಬೈಲ್ ಹಾಗೆಯೇ ಇರಲಿ. ಬ್ಯಾಂಕು, ಭವಿಷ್ಯನಿಧಿಯ ಒಟಿಪಿಗಳು ಅದೇ ಸಂಖ್ಯೆಗೆ ಬರುತ್ತಿರಬಹುದು, ಆ ಸಿಮ್ ನಿಂತರೆ ನೀವು ಕಚೇರಿಗಳಿಗೆ ಅಲೆಯಬೇಕಾಗುತ್ತದೆ. ಅವನು ಚಾರ್ಜ್ ಮಾಡುತ್ತಿರುವುದು ಅದಕ್ಕಲ್ಲ, ಗೊತ್ತು. ಮುಂದಿನ ತಿಂಗಳ ರೀಚಾರ್ಜ್ ನೀವು ಮಾಡಿಸಿ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ಓದುತ್ತಿದ್ದೇನೆ, 17 ವರ್ಷ. ಅಪ್ಪ ಅಮ್ಮ ಇಲ್ಲ, ಐದು ವರ್ಷದಿಂದ ಅಣ್ಣ ಅತ್ತಿಗೆಯ ಜೊತೆ ಇದ್ದೇನೆ. ಅಣ್ಣ ಕೆಟ್ಟವನಲ್ಲ, ಆದರೆ ಫೋನ್ ಪರೀಕ್ಷಿಸುತ್ತಾನೆ, ಗೆಳತಿಯರ ಮನೆಗೆ ಬಿಡುವುದಿಲ್ಲ, 18 ತುಂಬಿದ ಕೂಡಲೇ ಮದುವೆ ಮಾಡಿ "ಜವಾಬ್ದಾರಿ ಮುಗಿಸುತ್ತೇನೆ" ಎನ್ನುತ್ತಾನೆ. ನನಗೆ ಬಿ.ಎಸ್ಸಿ. ಓದಬೇಕು. ಅಮ್ಮನ ಚಿನ್ನ ಅತ್ತಿಗೆಯ ಬೀರುವಿನಲ್ಲಿದೆ. ದೊಡ್ಡಮ್ಮನ ಮನೆಗೆ ಹೋಗಿಬಿಡಲೇ?
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: "ಜವಾಬ್ದಾರಿ ಮುಗಿಸುತ್ತೇನೆ" ಎಂಬ ಮಾತು ನಿಮಗೆ ಚುಚ್ಚಿರುವುದು ಸಹಜ, ತಲೆಯ ಮೇಲಿನ ಮೂಟೆ ಇಳಿಸುವವರು ಆಡುವ ಮಾತದು. ಆದರೆ ಲೆಕ್ಕ ಹಾಕಿ ನೋಡಿ, ನೀವು ಹನ್ನೆರಡರವರಾಗಿದ್ದಾಗ ಅಣ್ಣನಿಗೆ ವಯಸ್ಸೆಷ್ಟಿತ್ತು? ತನ್ನ ಸಂಸಾರವೇ ಇನ್ನೂ ಹದಕ್ಕೆ ಬಾರದ ದಿನಗಳಲ್ಲಿ ಹೆಣ್ಣುಮಗುವೊಂದನ್ನು ಕಾಯುವ ಹೊಣೆ ಬಿದ್ದವನಿಗೆ, ಏನಾದರೂ ಹೆಚ್ಚುಕಡಿಮೆಯಾದರೆ ಊರು ತನ್ನನ್ನೇ ಕೇಳುತ್ತದೆ ಎಂಬ ಭಯ ಇರುತ್ತದೆ. ಫೋನ್ ಪರೀಕ್ಷಿಸುವುದು ಆ ಭಯವೇ. ಅದು ಸರಿಯೆಂದು ನಾನು ಹೇಳುತ್ತಿಲ್ಲ. ತಂದೆಯ ಅಧಿಕಾರ ವಹಿಸಿಕೊಂಡ ಅಣ್ಣಂದಿರು ತಂದೆಗಿಂತ ಬಿಗಿಯಾಗುವುದನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ.

ಹದಿನೆಂಟು ಎಂಬುದು ಹೆಣ್ಣಿನ ಮದುವೆಗೆ ಕಾನೂನು ಒಪ್ಪುವ ಕನಿಷ್ಠ ವಯಸ್ಸೇ ಹೊರತು ಮದುವೆ ಆಗಲೇಬೇಕಾದ ದಿನವಲ್ಲ. ಆ ದಿನದಿಂದ ನೀವು ವಯಸ್ಕರು; ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ಮದುವೆಯನ್ನು ಯಾರೂ ಮಾಡುವಂತಿಲ್ಲ. ಅಮ್ಮನ ಚಿನ್ನ ಅಮ್ಮನದೇ ಸ್ವಂತವಾಗಿದ್ದು, ಅವರ ನಂತರ ನಿಮ್ಮ ತಂದೆಯೂ ಇಲ್ಲವಾದ್ದರಿಂದ, ಈಗ ಅದು ನಿಮಗೂ ಅಣ್ಣನಿಗೂ ಸಮಪಾಲು. ಅದನ್ನು ಇಂದೇ ಕೊಡಿ ಎಂದು ಜಗಳಕ್ಕೆ ನಿಲ್ಲಬೇಡಿ. ಒಡವೆಗಳನ್ನೆಲ್ಲ ಹಾಸಿ ಒಂದು ಫೋಟೊ ತೆಗೆದು, ತೂಕ ಬರೆದು, ಮೂವರ ಬಳಿಯೂ ಒಂದೊಂದು ಪ್ರತಿ ಇಟ್ಟುಕೊಳ್ಳೋಣ ಎಂದು ಅತ್ತಿಗೆಯನ್ನೇ ಕೇಳಿ. ಬೀರು ಅವರದು, ಬೀಗದ ಕೈ ಅವರದು, ಅನುಮಾನ ಬರದಿದ್ದರೆ ಹೆಚ್ಚು ನೆಮ್ಮದಿಯೂ ಅವರಿಗೇ.

ದೊಡ್ಡಮ್ಮನ ಮನೆಗೆ "ಹೋಗಿಬಿಡುವುದು" ಬೇಡ. ಹೋಗುವುದಾದರೆ ಹೇಳಿ ಹೋಗಿ: ಪರೀಕ್ಷೆಯ ನಂತರ ಎರಡು ತಿಂಗಳು, ರಜೆಗೆಂದು. ದೊಡ್ಡಮ್ಮನಿಗೆ ಮೊದಲೇ ಪತ್ರದಂತೆ ವಿವರವಾಗಿ ತಿಳಿಸಿ, ಅಣ್ಣನೊಡನೆ ಬಿ.ಎಸ್ಸಿ. ವಿಷಯವನ್ನು ಅವರೇ ಎತ್ತಲಿ. ತಂಗಿಯ ಬಾಯಿಂದ ಬಂದರೆ ಹಠವಾಗಿ ಕೇಳಿಸುವ ಮಾತು ದೊಡ್ಡಮ್ಮನ ಬಾಯಿಂದ ಬಂದರೆ ಬುದ್ಧಿಮಾತಾಗಿ ಕೇಳಿಸುತ್ತದೆ. ಅನ್ಯಾಯವೇ, ಆದರೆ ಸದ್ಯಕ್ಕೆ ಅದನ್ನು ಬಳಸಿಕೊಳ್ಳಿ. ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿಗೆ ಅರ್ಜಿ ಕರೆದಾಗ ಒಂದು ಅರ್ಜಿ ಹಾಕಿಡಿ. ಹಾಸ್ಟೆಲ್ ಎಂದರೆ ಅಣ್ಣನ ಮನೆ ಬಿಟ್ಟು ಓಡಿಹೋಗುವುದಲ್ಲ. ಎಷ್ಟೋ ಅಣ್ಣಂದಿರಿಗೆ ಅದರಿಂದ ಉಸಿರು ತಿರುಗಿದೆ. ಇದರ ನಡುವೆ ಬಲವಂತದ ನಿಶ್ಚಿತಾರ್ಥಕ್ಕೆ ಯಾರಾದರೂ ಕೈ ಹಾಕಿದರೆ, ನಿಮಗೆ 18 ತುಂಬುವ ಮೊದಲಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆ ಕರೆಗೆ ಹಣ ಬೇಡ, ಹಗಲು ರಾತ್ರಿಯ ಲೆಕ್ಕವೂ ಇಲ್ಲ.

ಪ್ರಶ್ನೆ: ನನಗೆ 19, ಗ್ಯಾರೇಜಿನಲ್ಲಿ ಕೆಲಸ. ತಂಗಿಗೆ 13. ಅಪ್ಪ ಅಮ್ಮ ಇಬ್ಬರೂ ಇಲ್ಲ, ಹೇಳಿಕೊಳ್ಳುವ ಬಂಧುಗಳೂ ಇಲ್ಲ. ಸಹಾಯ ಕೇಳಲು ಸರ್ಕಾರದ ಕಚೇರಿಗೆ ಹೋದರೆ ತಂಗಿಯನ್ನು ಬಾಲಮಂದಿರಕ್ಕೆ ಹಾಕಿಬಿಡುತ್ತಾರೆ ಎಂದು ಓಣಿಯವರು ಹೆದರಿಸುತ್ತಾರೆ. ಹೋಗಲೋ ಬೇಡವೋ?
— ಗದಗ ಜಿಲ್ಲೆ

ಉತ್ತರ: ಹೋಗಿ. ಓಣಿಯವರು ಹೇಳುವುದರಲ್ಲಿ ಅರ್ಧ ಮಾತ್ರ ನಿಜವಿದೆ. 2015ರ ಬಾಲನ್ಯಾಯ ಕಾಯ್ದೆ ತಂದೆ ತಾಯಿಯಿಲ್ಲದ, ನೋಡಿಕೊಳ್ಳುವವರೂ ಇಲ್ಲದ ಮಕ್ಕಳನ್ನು ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳೆಂದು ಕರೆಯುತ್ತದೆ. ಅವರ ವಿಷಯವನ್ನು ನಿರ್ಧರಿಸುವುದು ಪ್ರತಿ ಜಿಲ್ಲೆಯಲ್ಲಿರುವ ಮಕ್ಕಳ ಕಲ್ಯಾಣ ಸಮಿತಿ. ಆದರೆ ಅದೇ ಕಾಯ್ದೆ, ಸಂಸ್ಥೆಗೆ ಸೇರಿಸುವುದು ಬೇರೆಲ್ಲ ದಾರಿಯನ್ನೂ ನೋಡಿಯಾದ ಮೇಲಿನ ಕೊನೆಯ ದಾರಿ ಎಂದೂ ಹೇಳುತ್ತದೆ. ನೀವು ವಯಸ್ಕರು, ದುಡಿಯುತ್ತೀರಿ, ತಂಗಿ ನಿಮ್ಮೊಡನೆ ಇದ್ದಾಳೆ, ಶಾಲೆಗೆ ಹೋಗುತ್ತಿದ್ದಾಳೆ: ಇಷ್ಟು ಸಮಿತಿಯ ಮುಂದೆ ಕಾಣಿಸಿದರೆ ಅವಳನ್ನು ನಿಮ್ಮಿಂದ ಬೇರ್ಪಡಿಸಲು ಅವರಿಗೆ ಕಾರಣವಿರುವುದಿಲ್ಲ.

ಬದಲಿಗೆ ಒಂದು ನೆರವಿದೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ, ತಂದೆ ತಾಯಿಯಿಲ್ಲದೆ ಬಂಧುಗಳ ಮನೆಯಲ್ಲಿ ಬೆಳೆಯುತ್ತಿರುವ ಮಗುವಿಗೆ ಪ್ರಾಯೋಜಕತ್ವವೆಂದು ತಿಂಗಳಿಗೆ 4,000 ರೂಪಾಯಿ ಕೊಡುವ ಅವಕಾಶವಿದೆ. ಕುಟುಂಬದ ವರಮಾನ ಹಳ್ಳಿಯಲ್ಲಿ ವರ್ಷಕ್ಕೆ 72,000, ಉಳಿದೆಡೆ 96,000 ರೂಪಾಯಿ ಮೀರಬಾರದೆಂಬುದು ಮಾರ್ಗಸೂಚಿಯ ಮಿತಿ. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಗ್ಯಾರೇಜಿನ ಮಾಲೀಕರಿಂದ ಸಂಬಳದ ಚೀಟಿ, ತಂದೆ ತಾಯಿಯ ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಇಬ್ಬರ ಆಧಾರ್, ತಂಗಿಯ ಬ್ಯಾಂಕ್ ಪುಸ್ತಕ, ಶಾಲೆಯ ಮುಖ್ಯೋಪಾಧ್ಯಾಯರಿಂದ ಅವಳು ತಪ್ಪದೆ ಬರುತ್ತಿದ್ದಾಳೆ ಎಂಬ ಪತ್ರ, ಇವನ್ನು ಒಂದು ಕವರಿನಲ್ಲಿ ಹಾಕಿಕೊಳ್ಳಿ.

ಅಧಿಕಾರಿಗಳು ಮನೆ ನೋಡಲು ಬರುತ್ತಾರೆ. ಮನೆ ದೊಡ್ಡದಿದೆಯೇ ಎಂದಲ್ಲ, ಹುಡುಗಿ ಎಲ್ಲಿ ಮಲಗುತ್ತಾಳೆ, ನೀವು ಕೆಲಸಕ್ಕೆ ಹೋದಾಗ ಯಾರ ಕಣ್ಣಳತೆಯಲ್ಲಿರುತ್ತಾಳೆ, ಅವಳಿಗೆ ಹೇಳಿಕೊಳ್ಳಲು ಒಬ್ಬ ಹೆಂಗಸಾದರೂ ಇದ್ದಾರೆಯೇ ಎಂದು ಕೇಳುತ್ತಾರೆ. ಹದಿಮೂರರ ಹುಡುಗಿಗೆ ಅಣ್ಣನ ಮುಂದೆ ಹೇಳಲಾಗದ ಸಂಗತಿಗಳಿರುತ್ತವೆ. ಆದ್ದರಿಂದ ಹೋಗುವ ಮುನ್ನವೇ ಪಕ್ಕದ ಮನೆಯ ತಾಯಂದಿರಲ್ಲಿ, ಇಲ್ಲವೇ ಅಂಗನವಾಡಿ ಕಾರ್ಯಕರ್ತೆಯರಲ್ಲಿ ಒಬ್ಬರನ್ನು ಒಪ್ಪಿಸಿ, ಹೆಸರು ಕೇಳಿದಾಗ ತಂಗಿಯೇ ಹೇಳುವಂತೆ ಮಾಡಿ. ಕಚೇರಿಗೆ ಅವಳನ್ನೂ ಕರೆದುಕೊಂಡು ಹೋಗಿ. ಸೋಮವಾರ ಬೇಡ, ಜನ ಹೆಚ್ಚಿರುತ್ತಾರೆ.